ಚೆಂಡು ಬೀಳದ ಕಾರ್ಡು

ನನ್ನ ಗಂಡನಿಗೆ ನಾನು ದಿನಾ ಬೆಳಗ್ಗೆ ಮಂಗಳಾರತಿ ಎತ್ತುತ್ತಿದ್ದೆ. ಕಾಫಿ ಕುಡಿದು ಲೋಟ ತೊಳೆದಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನಡುಮನೆಯ ಗೋಡೆಯ ಮುಂದೆ ನಿಲ್ಲುತ್ತಿದ್ದೆ. ಅಲ್ಲಿ ಗಾಜಿನ ಚೌಕಟ್ಟಿನೊಳಗಿನ ಕಾರ್ಡಿನಲ್ಲಿ ಅವನು ಎರಡೂ ಕೈಯಲ್ಲಿ ಬ್ಯಾಸ್ಕೆಟ್‌ಬಾಲ್ ಹಿಡಿದು ಹಲ್ಲು ಕಿರಿಯುತ್ತಿದ್ದ. "ಏನಪ್ಪಾ ಯೋಗಾನಂದ, ಎದ್ದೆಯಾ? ಅವಳು ಕಾಫಿ ಕೊಟ್ಟಳಾ? ಸಕ್ಕರೆ ಸಾಕಾಯ್ತಾ?" ಎಂದು ಶುರು ಮಾಡಿದರೆ ಅವನ ಅಪ್ಪ, ಅಜ್ಜ, ಅವನಿಗೆ ಆಟ ಕಲಿಸಿದ ಮೇಷ್ಟ್ರು, ಯಾರನ್ನೂ ಬಿಡುತ್ತಿರಲಿಲ್ಲ. ನನ್ನ ಗಂಟಲೇನು ಸಣ್ಣದಲ್ಲ. ಬೀದಿಯ ಆ ತುದಿಯಲ್ಲಿ ನೀರು ಹಿಡಿಯುವವರಿಗೂ ಕೇಳುತ್ತಿತ್ತು. ಬೈದು ಮುಗಿಸಿದ ಮೇಲೆ ಮೈ ಹಗುರಾಗಿ ಹೊಲಿಗೆ ಯಂತ್ರದ ಮುಂದೆ ಕೂರುತ್ತಿದ್ದೆ.

ಅವಳು ಅಂದರೆ ಯಾರು ಎಂದು ಕೇಳಬೇಡಿ. ನನಗೂ ಗೊತ್ತಿರಲಿಲ್ಲ. ಗಂಡಸು ಮನೆ ಬಿಟ್ಟು ಹೋಗಿ ವರ್ಷಗಟ್ಟಲೆ ಒಂದು ಸಾಲು ಬರೆಯದೆ ಇದ್ದಾನೆ, ಕಾರ್ಡಿನಲ್ಲಿ ನೋಡಿದರೆ ಚೆಂಡು ಕೈಯಲ್ಲೇ ಇದೆ, ಅಂದಮೇಲೆ ಯಾವಳೋ ಒಬ್ಬಳು ಇರಲೇಬೇಕಲ್ಲ. ಅವಳ ಮೂಗು, ಜಡೆ, ಸೀರೆಯ ಬಣ್ಣ ಎಲ್ಲವನ್ನೂ ನಾನೇ ಕಲ್ಪಿಸಿಕೊಂಡು ಬೈಯುತ್ತಿದ್ದೆ.

ನಮ್ಮೂರಿನ ಕಾರ್ಡಿನ ವಿಷಯ ಹೊರಗಿನವರಿಗೆ ಗೊತ್ತಿರುವುದಿಲ್ಲ. ನಮ್ಮಲ್ಲಿ ಎಲ್ಲರಿಗೂ ಬ್ಯಾಸ್ಕೆಟ್‌ಬಾಲ್ ಹುಚ್ಚು. ಕೆರೆಬೀದಿಯ ಬೇಕರಿಯವರು ವ್ಯಾಪಾರ ಕುದುರಲಿ ಅಂತ ರಸ್ಕಿನ ಪೊಟ್ಟಣಕ್ಕೊಂದರಂತೆ ಊರ ತಂಡದ ಆಟಗಾರರ ಕಾರ್ಡು ಹಾಕಿದರು. ಆಟಗಾರ ಬದುಕಿರುವವರೆಗೆ ಕಾರ್ಡಿನಲ್ಲಿ ಚೆಂಡು ಅವನ ಕೈಯಲ್ಲಿರುತ್ತದೆ. ಅವನು ಹೋದ ಗಳಿಗೆಯಲ್ಲಿ, ಕಾರ್ಡು ಎಲ್ಲೇ ಇರಲಿ, ಪೆಟ್ಟಿಗೆಯಲ್ಲಿರಲಿ, ಪುಸ್ತಕದ ನಡುವೆ ಇರಲಿ, ಚೆಂಡು ಅವನ ಕಾಲ ಬುಡಕ್ಕೆ ಬಿದ್ದಿರುತ್ತದೆ. ಇದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆಟಗಾರನ ಮನೆಯವರು ಎದ್ದ ಕೂಡಲೇ ಕಾರ್ಡು ನೋಡುತ್ತಾರೆ, ಆಮೇಲೆ ಮುಖ ತೊಳೆಯುತ್ತಾರೆ, ಅಷ್ಟೇ. ಒಮ್ಮೆ ನಮ್ಮ ತಂಡದ ಎತ್ತರದ ಆಟಗಾರನೊಬ್ಬನಿಗೆ ಹೊಟ್ಟೆಯ ಆಪರೇಷನ್ ಆದಾಗ ಬೀದಿಯವರೆಲ್ಲ ಜಗಲಿಯ ಮೇಲೆ ಕಾರ್ಡು ಹರಡಿಕೊಂಡು ಕೂತು ಒಂದು ಬುಟ್ಟಿ ರಸ್ಕು ಖಾಲಿ ಮಾಡಿದ್ದರು. ಆಸ್ಪತ್ರೆಯಿಂದ ಸುದ್ದಿ ಬರುವ ಮೊದಲೇ ಅವನ ಹೆಂಡತಿ ಪಾಯಸಕ್ಕೆ ಇಟ್ಟಿದ್ದಳು.

ಯೋಗಾನಂದ ಹೋದದ್ದು ಹೊಳೆಯ ಕೆಳಗಿನ ಊರಿನ ಮಿಲ್ಲಿನವರ ತಂಡಕ್ಕೆ ಒಂದು ಋತು ಆಡಲು. ಬೇಡ ಅಂದೆ. ಮಗಳು ಚಿಕ್ಕವಳು, ಹೋಗಬೇಡ ಅಂದೆ. "ಹಬ್ಬಕ್ಕೆ ಬಂದುಬಿಡ್ತೀನಿ ಕಣೇ ವಿಶಾಲು" ಎಂದು ಚೀಲ ಹೆಗಲಿಗೇರಿಸಿಕೊಂಡು ಹೋದ. ಹಬ್ಬ ಬಂತು, ಅವನು ಬರಲಿಲ್ಲ. ಮಿಲ್ಲಿನವರಿಗೆ ಬರೆದು ಕೇಳಿದರೆ "ಆ ಹೆಸರಿನವರು ನಮ್ಮಲ್ಲಿಗೆ ಬಂದೇ ಇಲ್ಲ" ಎಂದು ಉತ್ತರ ಬಂತು. ನನ್ನ ಸಿಟ್ಟು ನೆತ್ತಿಗೇರಿತು. ಮಿಲ್ಲಿನ ನೆಪ ಹೇಳಿ ಇನ್ನೆಲ್ಲಿಗೋ ಹೋಗಿದ್ದಾನೆ! ಅಟ್ಟದ ಮೇಲೆ ಅವನು ಟಿನ್ ಡಬ್ಬಿಯಲ್ಲಿ ಕೂಡಿಟ್ಟಿದ್ದ ಕಾರ್ಡುಗಳನ್ನೆಲ್ಲ, ಮುಚ್ಚಳ ಕೂಡ ತೆಗೆಯದೆ, ಡಬ್ಬಿ ಸಮೇತ ಬಚ್ಚಲ ಹಂಡೆಯ ಒಲೆಗೆ ತುರುಕಿದೆ. ಗೋಡೆಯ ಚೌಕಟ್ಟಿನದನ್ನು ಮಾತ್ರ ಬಿಟ್ಟೆ. ಬೈಯಲು ಒಂದು ಮುಖ ಬೇಕಲ್ಲ. ಹಣೆಗೆ ಕುಂಕುಮ ಇಡುವುದನ್ನೂ ನಿಲ್ಲಿಸಲಿಲ್ಲ, ಅದು ಪ್ರೀತಿಗಲ್ಲ, ಹಟಕ್ಕೆ. ನೀನು ಇನ್ನೊಬ್ಬಳ ಮನೆಯಲ್ಲಿದ್ದರೂ ನಾನು ನಿನ್ನ ಹೆಂಡತಿಯೇ, ಏನು ಮಾಡಿಕೊಳ್ತೀಯೋ ಮಾಡಿಕೋ, ಅಂತ.

ಹೀಗೆ ನಡೆಯುತ್ತಿರುವಾಗ ಒಂದು ದಿನ ಪದ್ಮರಾಜರು ಬಂದರು. ಹೊಳೆಯಾಚೆಯವರು, ಹಳೇ ಕಾರ್ಡು ಕೂಡಿಡುವ ಗೀಳಿನ ಮನುಷ್ಯ, ಬಿಳಿ ಅಂಗಿ, ತೆಳು ಮೀಸೆ. ಅಪರೂಪದ ಕಾರ್ಡುಗಳಿಗೆ ಗೀರು ಬೀಳದ ಹಾಗೆ ಮಖಮಲ್ಲಿನ ಪುಟ್ಟ ಚೀಲ ಹೊಲಿಸಬೇಕಿತ್ತು. ಕೂರಿಸಿ ಅಳತೆ ಬರೆದುಕೊಳ್ಳುತ್ತಿದ್ದೆ. ಅವರು ಮಾತು ಅರ್ಧಕ್ಕೆ ನಿಲ್ಲಿಸಿ ಗೋಡೆ ನೋಡಿದರು. ಎದ್ದು ಹತ್ತಿರ ಹೋದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

"ತಾಯಿ, ಇದನ್ನ ಒಂಚೂರು ಕೆಳಗಿಳಿಸ್ತೀರಾ?"

"ಅದರಲ್ಲೇನಿದೆ ಸ್ವಾಮಿ? ನಿಮಗೆ ಬೇಕಿರೋದು ಚೀಲ ತಾನೆ?"

"ಅಂಚಿನ ಕೆಂಪು ಗೆರೆ ಕಾಣ್ತಿಲ್ಲ. ಎಲ್ಲಾ ಕಾರ್ಡಿಗೂ ಇರುತ್ತೆ."

"ಚೌಕಟ್ಟಿನ ಒಳಗೆ ಸೇರಿಕೊಂಡಿರುತ್ತೆ."

ಅವರು ಬಿಡಲಿಲ್ಲ. ನನಗೂ ಕೆಲಸ ಕೊಡುವವರು, ಯಾಕೆ ಜಗಳ ಅಂತ ಇಳಿಸಿಕೊಟ್ಟೆ. ಹಿಂದಿನ ರಟ್ಟು ಬಿಚ್ಚಿ, ಮಗುವನ್ನು ತೊಟ್ಟಿಲಿನಿಂದ ಎತ್ತಿಕೊಳ್ಳುವ ಹಾಗೆ ಕಾರ್ಡನ್ನು ಎತ್ತಿದರು. ಗೆರೆ ಇರಲಿಲ್ಲ. ಹಿಂದೆ ತಿರುಗಿಸಿದರು. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ "ಮಾದರಿ. ಮಾರಾಟಕ್ಕಲ್ಲ" ಎಂದು ಅಚ್ಚಾಗಿತ್ತು. ಪದ್ಮರಾಜರು ತಡವರಿಸಿಕೊಂಡು ಸ್ಟೂಲಿನ ಮೇಲೆ ಕೂತರು.

"ನೀರು ಬೇಕಾ?" ಅಂದೆ, ಗಾಬರಿಯಾಗಿ.

"ಬೇಡ ತಾಯಿ. ಇದನ್ನ ನನಗೆ ಕೊಡ್ತೀರಾ? ಈ ನಿಮ್ಮ ಮನೆ, ಹಿತ್ತಲು, ಎರಡನ್ನೂ ಎರಡು ಸಲ ಕೊಳ್ಳೋವಷ್ಟು ಕೊಡ್ತೀನಿ."

ನನಗೆ ನಗು ತಡೆಯಲಾಗಲಿಲ್ಲ. ಅಯ್ಯೋ ನನ್ನಪ್ಪಾ! ರಸ್ಕಿನ ಪೊಟ್ಟಣದಲ್ಲಿ ಪುಕ್ಕಟೆ ಬಂದ ಕಾರ್ಡಿಗೆ! "ಹೋಗಲಿ, ಜೀವಮಾನದಲ್ಲಿ ಮೊದಲನೇ ಸಲ ಈ ಮನುಷ್ಯನಿಂದ ಒಂದು ಉಪಯೋಗ ಆಯ್ತು ನೋಡಿ" ಎಂದು ಚಪ್ಪಾಳೆ ತಟ್ಟಿದೆ. ಆದರೂ ಹೊಲಿಗೆಯವಳಲ್ಲವೇ, ಒಂದು ಬಟ್ಟೆಗೆ ಯಾಕಷ್ಟು ಬೆಲೆ ಎಂದು ತಿಳಿಯದೆ ಬಿಡುವ ಅಭ್ಯಾಸವಿಲ್ಲ. ಇದರಲ್ಲಿ ಅಂಥದ್ದೇನಿದೆ ಎಂದು ಕೇಳಿದೆ.

"ಪೊಟ್ಟಣದಲ್ಲಿ ಬಂದಿದ್ದಾದ್ರೆ ಯಾರೂ ಮೂಸಲ್ಲ ತಾಯಿ, ಸಾವಿರಗಟ್ಟಲೆ ಅಚ್ಚು ಹಾಕಿದ್ರು. ಇದು ಪೊಟ್ಟಣದ್ದಲ್ಲ. ಶುರು ಮಾಡೋ ಮೊದಲು ಬೇಕರಿಯವರು ಮಾದರಿ ಅಂತ ಒಂದಷ್ಟು ಮಾಡಿಸಿ ಆಟಗಾರರಿಗೇ ಕೊಟ್ಟಿದ್ರು. ಮಿಕ್ಕಿದ್ದನ್ನ ಅವರೇ ಸುಟ್ಟರು. ಯಾಕೆ ಹೇಳಿ? ಮಾದರಿ ಕಾರ್ಡಲ್ಲಿ ಚೆಂಡು ಬೀಳಲ್ಲ."

"ಬೀಳಲ್ಲ ಅಂದ್ರೆ?"

"ಬೀಳಲ್ಲ, ಅಷ್ಟೇ. ಆಟಗಾರ ಹೋದ್ರೂ ಕೈಯಲ್ಲೇ ಇರುತ್ತೆ. ನನ್ನ ಹತ್ರ ಇಂಥದ್ದೇ ಇನ್ನೊಂದಿದೆ. ಪಾಪ, ಆ ಹುಡುಗ ಹೋಗಿ ಯಾವ ಕಾಲ ಆಯ್ತೋ. ಅದರಲ್ಲಿ ಇವತ್ತಿಗೂ ಚೆಂಡು ಹಿಡ್ಕೊಂಡು ನಗ್ತಾ ನಿಂತಿದ್ದಾನೆ. ಅದಕ್ಕೇ ಈ ಬೆಲೆ." ಅವರು ಸಂತೋಷದಲ್ಲಿದ್ದರು, ನನ್ನ ಮುಖ ನೋಡಲಿಲ್ಲ. "ಅಂದಹಾಗೆ ಇವರು ಈಗ ಎಲ್ಲಿದ್ದಾರೆ ತಾಯಿ? ಇವರದೇ ಒಂದು ರುಜು ಸಿಕ್ಕಿಬಿಟ್ರೆ ಇನ್ನೂ ಹೆಚ್ಚು ಕೊಡಬಹುದು."

ನನ್ನ ಕೈಯಲ್ಲಿದ್ದ ಅಳತೆಯ ಟೇಪು ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಳ್ಳಬೇಕು ಅನ್ನಿಸಿತು, ಬಗ್ಗಲು ಆಗಲಿಲ್ಲ. ಎದೆ ಧಸಕ್ಕೆಂದಿತು ಎನ್ನುತ್ತಾರಲ್ಲ, ಹಾಗಲ್ಲ. ಏನೂ ಆಗಲಿಲ್ಲ. ಕಿವಿಯೊಳಗೆ ಒಂದು ಸದ್ದೂ ಇಲ್ಲದ ಹಾಗಾಯಿತು. ಪದ್ಮರಾಜರ ತುಟಿ ಆಡುತ್ತಿತ್ತು. ಅವರೇನು ಹೇಳುತ್ತಿದ್ದಾರೆ ಎಂದು ಗೊತ್ತಾಗಲಿಲ್ಲ.

"ಇರಿ, ಬಂದೆ" ಅಂದೆ. ಅಷ್ಟು ಅಂದದ್ದು ನೆನಪಿದೆ. ಆ ಕಾರ್ಡನ್ನು ಅವರ ಕೈಯಲ್ಲೇ ಬಿಟ್ಟು ಬಾಗಿಲು ತೆರೆದಿಟ್ಟು ಬರಿಗಾಲಲ್ಲಿ ಬೀದಿಗಿಳಿದೆ. ಮುಂದಿನ ವಾರ ಅದನ್ನು ಅವರಿಗೇ ಮಾರಿದೆ, ಹೇಳಿದ್ದಕ್ಕಿಂತ ಹೆಚ್ಚೇ ಕೊಟ್ಟರು, ಮಾಡಿನ ಹೆಂಚು ಬದಲಾಯಿಸಿದೆ. ಅದರ ಕಥೆ ಅಲ್ಲಿಗೆ ಮುಗಿಯಿತು.

ನನಗೆ ಬೇಕಿದ್ದದ್ದು ಯಾರೂ ಮೂಸದ ಕಾರ್ಡು. ಕೆಂಪು ಗೆರೆಯದ್ದು. ಎದುರು ಮನೆಯ ಅಚ್ಚಮ್ಮನವರ ಯಜಮಾನರು ಊರ ತಂಡಕ್ಕೆ ಆಟ ಕಲಿಸುತ್ತಿದ್ದವರು, ನಾನು ದಿನಾ ಗೋಡೆಯ ಮುಂದೆ ಬೈಯುತ್ತಿದ್ದ ಆ ಮೇಷ್ಟ್ರು ಅವರೇ. ಅವರು ತೀರಿಕೊಂಡ ಮೇಲೂ ಅಚ್ಚಮ್ಮ ಅವರ ಹುಡುಗರ ಕಾರ್ಡುಗಳನ್ನೆಲ್ಲ ಇಟ್ಟುಕೊಂಡಿದ್ದರು. ಅವರು ಜಗಲಿಯಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಿದ್ದರು.

"ಅಚ್ಚಮ್ಮಾ, ನಮ್ಮ ಯೋಗಾನಂದನ ಕಾರ್ಡು ಇದೆಯಾ?"

ಅವರ ಕೈ ನಿಂತಿತು. ನನ್ನ ಮುಖ ನೋಡಿದರು. ಕಾಯಿಯ ಮೊರ ಪಕ್ಕಕ್ಕೆ ಸರಿಸಿದರು. "ಬಂದೆಯಾ" ಅಂದರು. ಅಷ್ಟೇ. ಯಾಕೆ ಎಂದು ಕೇಳಲಿಲ್ಲ. ಮಂಡಿ ಹಿಡಿದುಕೊಂಡು ಎದ್ದು ಒಳಗೆ ಹೋಗಿ, ದೇವರ ಮನೆಯ ಗೂಡಿನಿಂದ ಒಂದು ಕಾರ್ಡು ತಂದರು. ಬೋರಲು ಹಿಡಿದಿದ್ದರು. ಹಾಗೇ ನನ್ನ ಅಂಗೈ ಮೇಲಿಟ್ಟರು.

ತಿರುಗಿಸಿದೆ. ಅದೇ ನಗು, ನಾನೇ ಹೊಲಿದ ಅದೇ ನೀಲಿ ಜೆರ್ಸಿ. ಬೆರಳುಗಳು ಚೆಂಡು ಹಿಡಿದ ಹಾಗೇ ಬಾಗಿದ್ದವು. ನಡುವೆ ಏನೂ ಇರಲಿಲ್ಲ. ಚೆಂಡು ಎಡಗಾಲಿನ ಪಕ್ಕ ನೆಲದ ಮೇಲಿತ್ತು.

"ಯಾವಾಗ ಅಚ್ಚಮ್ಮಾ?"

"ಅವನು ಊರು ಬಿಟ್ಟ ವಾರಾನೇ ಕಣೇ."

"ಹಬ್ಬಕ್ಕೆ ಮುಂಚೆ?"

"ಹಬ್ಬಕ್ಕೆ ಎಷ್ಟೋ ಮುಂಚೆ. ನಮ್ಮ ಯಜಮಾನರು ಯಾರಿಗೂ ಹೇಳದೆ ಹೊಳೆಗುಂಟ ಹೋಗಿ ವಿಚಾರಿಸಿದ್ರು. ಮಿಲ್ಲಿನ ಕಡವಿನ ಹತ್ರ ದೋಣಿ ಮಗುಚಿಬಿಟ್ಟಿತ್ತಂತೆ. ಮೇಲೆ ಬಂದವರಲ್ಲಿ ಇವನಿರಲಿಲ್ಲ. ನೀರು ಜೋರಾಗಿತ್ತು, ಏನೂ ಸಿಗಲಿಲ್ಲ ಅಂದ್ರು ತಾಯಿ."

ಅವನು ಬಂದೇ ಇಲ್ಲ ಎಂದು ಮಿಲ್ಲಿನವರು ಬರೆದದ್ದು ನಿಜವಾಗಿತ್ತು. ನಾನು ಮೂಗು, ಜಡೆ, ಸೀರೆ ಕಲ್ಪಿಸಿಕೊಂಡು ಕೂತಿದ್ದೆ. ಅವನಿಗೆ ಯಾವಳೂ ಇರಲಿಲ್ಲ. ಹಬ್ಬಕ್ಕೆ ಬರುತ್ತೇನೆ ಅಂದವನಿಗೆ ಹಬ್ಬವೇ ಸಿಗಲಿಲ್ಲ.

"ನಿಮಗೆ ಗೊತ್ತಿತ್ತು!" ಎಂದು ಕಿರುಚಿದೆ. "ನನ್ನೆದುರಿಗೇ ಕೂತ್ಕೊಂಡು, ದಿನಾ ನನ್ನ ಬಾಯಿ ಕೇಳ್ಕೊಂಡು, ಒಂದು ಮಾತು ಹೇಳ್ಲಿಲ್ಲವಲ್ಲ ನೀವು! ಮನುಷ್ಯರಾ ನೀವು?"

ಅಚ್ಚಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಹೆಂಗೆ ಹೇಳೋದು ವಿಶಾಲು? ಮನೆಯವರು ಬೋರಲು ಹಾಕೋಕೆ ಮುಂಚೆ ನಾವು ಹೇಳಬಹುದಾ? ನೀನೇ ಹೇಳು."

ಅದು ನಮ್ಮೂರಿನ ಕಟ್ಟುಪಾಡು. ಚೆಂಡು ಬಿದ್ದರೆ ಮನೆಯವರು ತಮ್ಮ ಕಾರ್ಡನ್ನು ಹೊಸ್ತಿಲ ಮೇಲೆ ಬೋರಲು ಹಾಕುತ್ತಾರೆ. ಆಮೇಲಷ್ಟೇ ಬೀದಿಯವರು ಬರುವುದು, ಅಳುವುದು, ಹೆಸರು ಹಿಡಿದು ಮಾತಾಡುವುದು. ಅಲ್ಲಿಯವರೆಗೆ ಊರಿಗೆ ಊರೇ ಕಂಡಿದ್ದರೂ ತುಟಿ ಬಿಚ್ಚುವ ಹಾಗಿಲ್ಲ. ತಮ್ಮ ಹತ್ತಿರ ಇರುವ ಕಾರ್ಡನ್ನೂ ಆ ಮನೆಯವರ ಕಣ್ಣಿಗೆ ಬೀಳದ ಹಾಗೆ ಎತ್ತಿಡಬೇಕು. ನಾನೂ ಬೇರೆಯವರ ವಿಷಯದಲ್ಲಿ ಎಷ್ಟೋ ಸಲ ಹಾಗೇ ಬಾಯಿ ಮುಚ್ಚಿಕೊಂಡು ಇದ್ದವಳು. ಒಂದು ಹೊತ್ತು, ಹೆಚ್ಚೆಂದರೆ ಒಂದು ದಿನ ಕಾಯಬೇಕಾಗುತ್ತದೆ, ಅಷ್ಟೇ. ನನಗಾಗಿ ಇವರು ಮಗಳು ಬೆಳೆದು ಮದುವೆಯಾಗುವವರೆಗೂ ಕಾದಿದ್ದರು.

"ನಿನ್ನ ಮನೇಲೂ ಕಾರ್ಡಿದೆ, ದಿನಾ ನೋಡ್ತೀಯ, ಅಂದಮೇಲೆ ಕಂಡೇ ಇರುತ್ತೆ ಅಂದ್ಕೊಂಡ್ವಿ" ಅಂದರು ಅಚ್ಚಮ್ಮ. "ಸಂಕಟ ತಡೀಲಾರದೆ ಹಿಂಗೆ ಬೈತಾಳೆ, ಇವತ್ತು ಬೋರಲು ಹಾಕ್ತಾಳೆ, ನಾಳೆ ಹಾಕ್ತಾಳೆ ಅಂತ ನೋಡ್ತಾನೇ ಇದ್ವಿ. ಆಮೇಲಾಮೇಲೆ ಯಾರಿಗೂ ಧೈರ್ಯ ಬರ್ಲಿಲ್ಲ. ನಿನ್ನ ಬಾಯಿಗೆ ಯಾರಮ್ಮ ಎದುರು ನಿಲ್ತಾರೆ?"

ನಾನು ಅವರ ಜಗಲಿಯ ಕಲ್ಲಿನ ಮೇಲೆ ಕೂತುಬಿಟ್ಟೆ. ಕಾಫಿಪುಡಿ ಅಂಗಡಿಯವನು ನನ್ನನ್ನು ಕಂಡರೆ ತಲೆ ತಗ್ಗಿಸುತ್ತಿದ್ದ. ಜೆರ್ಸಿ ಹೊಲಿಸಲು ಬರುವ ಗಂಡಸರು ನಡುಮನೆಯ ಆ ಗೋಡೆಯ ಕಡೆ ಕಣ್ಣೆತ್ತುತ್ತಿರಲಿಲ್ಲ. ಗಂಡ ಓಡಿಹೋದವಳು ಎಂದು ನನ್ನ ಪರವಾಗಿ ಇವರಿಗೆ ನಾಚಿಕೆ ಎಂದುಕೊಂಡಿದ್ದೆ. ಆ ನಾಚಿಕೆಯ ಮೇಲೂ ನನಗೆ ಸಿಟ್ಟಿತ್ತು, ಅವರಿಗೂ ಎಷ್ಟೋ ಸಲ ಮಾತಲ್ಲಿ ಚುಚ್ಚಿದ್ದೆ. ಅದು ನಾಚಿಕೆ ಆಗಿರಲಿಲ್ಲ. ಸಾವಿನ ಮನೆಗೆ ಬಂದವರು ಕೂರುವ ಹಾಗೆ ಅವರು ನನ್ನ ಮನೆಯಲ್ಲಿ ಕೂರುತ್ತಿದ್ದರು, ನನಗೇ ಗೊತ್ತಿರಲಿಲ್ಲ.

ತಟ್ಟನೆ ಕುಮುದಾ ನೆನಪಾದಳು. ಅಯ್ಯೋ ದೇವರೇ, ನನ್ನ ಮಗಳು! "ಅಪ್ಪ ಎಲ್ಲಿ?" ಎಂದು ಅವಳು ಕೇಳಿದಾಗೆಲ್ಲ "ಓಡಿಹೋದ, ನಮ್ಮಿಬ್ಬರನ್ನೂ ಬಿಟ್ಟು ಇನ್ಯಾರದೋ ಮನೆ ಸೇರಿಕೊಂಡ" ಎಂದೇ ಹೇಳಿದ್ದೆ. ಅನ್ನ ಕಲಸಿ ತಿನ್ನಿಸುತ್ತಾ ಹೇಳಿದ್ದೆ, ಜಡೆ ಹಾಕುತ್ತಾ ಹೇಳಿದ್ದೆ. ಅವಳು ಬಹಳ ಬೇಗ ಕೇಳುವುದನ್ನು ನಿಲ್ಲಿಸಿದಳು. ಗಟ್ಟಿ ಹುಡುಗಿ, ಅಪ್ಪನನ್ನು ಮನಸ್ಸಿನಿಂದ ಕಿತ್ತುಹಾಕಿದಳು ಎಂದು ಹೆಮ್ಮೆಪಟ್ಟಿದ್ದೆ. ಮದುವೆಯ ಕರೆಯೋಲೆಯಲ್ಲಿ ಅವನ ಹೆಸರು ಬೇಡ ಅಂದಾಗಲೂ ಅವಳು ಒಂದು ಮಾತು ಆಡಲಿಲ್ಲ.

ಆ ಕಾರ್ಡು ಹಿಡಿದುಕೊಂಡೇ ಓಡಿದೆ. ನನ್ನ ವಯಸ್ಸಿಗೆ ಓಡುವುದು ಏನು ಚೆಂದ? ಆದರೂ ಓಡಿದೆ. ಕುಮುದಾ ಸಂಜೆ ಶಾಲೆಯ ಮೈದಾನದಲ್ಲಿ ಹುಡುಗಿಯರಿಗೆ ಬ್ಯಾಸ್ಕೆಟ್‌ಬಾಲ್ ಕಲಿಸುತ್ತಾಳೆ. ಕತ್ತಿಗೆ ಸೀಟಿ ಕಟ್ಟಿಕೊಂಡು ಯಾರನ್ನೋ ಗದರುತ್ತಿದ್ದಳು, ನನ್ನದೇ ಗಂಟಲು. ಬರಿಗಾಲಲ್ಲಿ ಕೆದರಿದ ತಲೆಯಲ್ಲಿ ಬರುತ್ತಿದ್ದ ನನ್ನನ್ನು ಕಂಡು ಚೆಂಡನ್ನು ಹುಡುಗಿಯೊಬ್ಬಳ ಕೈಗೆ ಕೊಟ್ಟಳು.

"ಏನಾಯ್ತಮ್ಮ? ಯಾಕಿಂಗೆ ಬಂದೆ?"

ಎಷ್ಟೋ ಹೇಳಬೇಕೆಂದು ಬಂದಿದ್ದೆ. ಬಾಯಿಂದ ಬಂದದ್ದು ಒಂದೇ ಮಾತು. "ನಿಮ್ಮಪ್ಪ ನಮ್ಮನ್ನ ಬಿಟ್ಟು ಹೋಗ್ಲಿಲ್ಲ ಕಣೇ."

ಅವಳು ನನ್ನ ಕೈಯಲ್ಲಿದ್ದ ಕಾರ್ಡು ನೋಡಿದಳು. ಹುಡುಗಿಯರಿಗೆ ನೀರು ಕುಡಿದು ಬನ್ನಿ ಎಂದು ಹೇಳಿ ಕಳಿಸಿದಳು. ಅವರು ದೂರ ಹೋಗುವವರೆಗೆ ಕಾದಳು.

"ಗೊತ್ತಮ್ಮ" ಅಂದಳು.

"ಏನು ಗೊತ್ತು?"

"ಚೆಂಡು ಬಿದ್ದಿದ್ದು. ನನ್ನ ಕಂಪಾಸ್ ಪೆಟ್ಟಿಗೇಲಿ ಅಪ್ಪನ ಕಾರ್ಡಿತ್ತು. ಹಬ್ಬ ಕಳೆದ ಮೇಲೆ ಒಂದು ಬೆಳಗ್ಗೆ, ಶಾಲೆ ಬೆಲ್ ಹೊಡೆಯೋಕೆ ಮುಂಚೆ ಎಲ್ರೂ ಕಾರ್ಡು ಹರಡ್ಕೊಂಡು ಆಡ್ತಿದ್ವಿ. ನಾನು ಅಪ್ಪನ್ನ ಇಟ್ಟೆ. ಆಡ್ತಿದ್ದವರೆಲ್ಲ ಸುಮ್ಮನಾಗಿಬಿಟ್ರು. ಅವರವರ ಹತ್ರ ಇದ್ದ ಅಪ್ಪನ ಕಾರ್ಡನ್ನ ತೆಗೆದು ಜೇಬಿಗೆ ಹಾಕ್ಕೊಂಡ್ರು. ಆಮೇಲೆ ಯಾರೂ ನನ್ನ ಜೊತೆ ಕಾರ್ಡು ಆಡ್ಲಿಲ್ಲ."

ಅವಳಿಗೆ ಆಗ ಹಾಲು ಹಲ್ಲು ಬೀಳುತ್ತಿದ್ದ ವಯಸ್ಸು. ನನಗೆ ನಿಂತ ನೆಲ ಕಾಲಿಗೆ ಸಿಗಲಿಲ್ಲ. ಹೊಳೆಯ ಸುದ್ದಿಗೆ ಹಾಗಾಗಿರಲಿಲ್ಲ, ಊರಿಗೆಲ್ಲ ಗೊತ್ತಿತ್ತು ಅಂದಾಗ ಹಾಗಾಗಿರಲಿಲ್ಲ.

"ನನಗೆ ಯಾಕೆ ಹೇಳ್ಲಿಲ್ಲ? ಕುಮುದಾ, ನಿನ್ನ ಹೆತ್ತ ತಾಯಿಗೆ ಯಾಕೆ ಹೇಳ್ಲಿಲ್ಲ?"

"ಹೇಳ್ಬೇಕು ಅಂತಾನೇ ಮನೆಗೆ ಓಡಿ ಬಂದೆ. ನೀನು ಗೋಡೆ ಮುಂದೆ ನಿಂತ್ಕೊಂಡು ಬೈತಿದ್ದೆ. ನೋಡಿದ್ರೆ ಅದರಲ್ಲಿ ಚೆಂಡು ಅಪ್ಪನ ಕೈಯಲ್ಲೇ ಇದೆ. ಒಂದರಲ್ಲಿ ಬಿದ್ದಿದೆ, ಒಂದರಲ್ಲಿ ಇದೆ. ಯಾವುದು ನಿಜ ಅಂತ ಯಾರನ್ನ ಕೇಳ್ಲಿ? ಗೋಡೇದೇ ನಿಜ ಇರಲಿ ಅಂತ ಎಷ್ಟು ದಿನ ಅಂದ್ಕೊಂಡೆ." ಅವಳು ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತಿದ್ದಳು. "ದೊಡ್ಡವಳಾದ ಮೇಲೆ ಗೊತ್ತಾಯ್ತು, ಯಾವುದು ನಿಜ ಅಂತ. ಅಷ್ಟೊತ್ತಿಗೆ ನೀನು ಬೈಯೋದು ನನಗೆ ಬೇಕಾಗಿಬಿಟ್ಟಿತ್ತು. ನೀನು ಅಪ್ಪನ ಜೊತೆ ಮಾತಾಡ್ತಿದ್ದೆಯಲ್ಲಮ್ಮ. ಬೇರೆ ಯಾರು ಮಾತಾಡ್ತಿದ್ರು? ನಾನು ಬಾಗಿಲ ಹಿಂದೆ ನಿಂತ್ಕೊಂಡು ಕೇಳ್ತಿದ್ದೆ."

ನಾನು ಅವಳ ಎರಡೂ ತೋಳು ಹಿಡಿದು ಅಲುಗಾಡಿಸಿದೆ. ಇಷ್ಟು ವರ್ಷ, ಅಷ್ಟು ಚಿಕ್ಕ ಮಗು, ಒಬ್ಬಳೇ, ಯಾರಿಗೂ ಹೇಳದೆ, ಎಲ್ಲಿ ಕೂತು ಅಳುತ್ತಿದ್ದೆ, ಯಾರು ಸಮಾಧಾನ ಮಾಡಿದರು ಎಂದು ಏನೇನೋ ಕೇಳಿದೆ.

"ಅಳ್ಲಿಲ್ಲ" ಅಂದಳು ಕುಮುದಾ.

"ಒಂದು ಸಲಾನೂ?"

"ಮನೆಯವರು ಅಳೋಕೆ ಮುಂಚೆ ಬೇರೆಯವರು ಅಳಬಾರದಲ್ಲಮ್ಮ. ನೀನು ಅಳ್ಲೇ ಇಲ್ಲ."

"ನೀನು ಬೇರೆಯವಳೇನೇ?" ಅಂದೆ.

ಕುಮುದಾ ನನ್ನ ಕೈಯಿಂದ ಕಾರ್ಡು ತೆಗೆದುಕೊಂಡಳು. ಬಗ್ಗಿ ಮೈದಾನದ ಗೆರೆಯ ಮೇಲೆ ಅದನ್ನು ಬೋರಲು ಇಟ್ಟಳು. ಇಟ್ಟು ನನ್ನ ಮುಖವನ್ನೇ ನೋಡುತ್ತಾ ನಿಂತಳು. ನೀರು ಕುಡಿಯಲು ಹೋದ ಹುಡುಗಿಯರು ನಲ್ಲಿಯ ಹತ್ತಿರವೇ ನಿಂತುಬಿಟ್ಟಿದ್ದರು, ಒಬ್ಬಳೂ ಈ ಕಡೆ ಬರಲಿಲ್ಲ. ಮೂವತ್ತು ಹತ್ತಿರವಾದ ಹೆಂಗಸು, ಊರ ಹುಡುಗಿಯರನ್ನೆಲ್ಲ ಗದರಿಸಿ ಆಡಿಸುವವಳು, ಅವಳ ಕೆಳದುಟಿ ಮಗುವಿನ ಹಾಗೆ ನಡುಗುತ್ತಿತ್ತು, ಆದರೂ ತಡೆದುಕೊಂಡು ನಿಂತಿದ್ದಳು. ನನಗಾಗಿ ಕಾಯುತ್ತಿದ್ದಾಳೆ ಎಂದು ಆಗ ಹೊಳೆಯಿತು.

ನಾನು ಅಲ್ಲೇ ಮಣ್ಣಿನ ಮೇಲೆ ಕೂತು ಅತ್ತೆ. ಆಮೇಲೆ ಅವಳು ಅತ್ತಳು.